ಕವಚ: ಯೋಧರ ಜೋಡಿನಿಂದ ಯಂತ್ರಚಾಲಿತ ಪೋಷಾಕಿನವರೆಗೆ

ಕವಚವೆಂದರೆ ಕಾಳಗದಲ್ಲಿ ಮೈಗೆ ಬೀಳುವ ಏಟನ್ನು ತಡೆಯಲೆಂದು ಯೋಧನು ತೊಡುವ ರಕ್ಷೆ. ಹತ್ತಿ, ಚರ್ಮ, ಕಬ್ಬಿಣ, ಉಕ್ಕುಗಳಿಂದಲೂ ಈಚೆಗೆ ಕೃತಕ ನಾರು ಮತ್ತು ಪಿಂಗಾಣಿಯಂಥ ಗಟ್ಟಿ ಹಲಗೆಗಳಿಂದಲೂ ಮಾಡಲಾಗುವ ಈ ರಕ್ಷೆಯು ಎರಡೂ ಕೈಗಳನ್ನು ಆಯುಧಕ್ಕೆ ಬಿಟ್ಟುಕೊಡುವುದರಿಂದ ಗುರಾಣಿಗಿಂತ ಭಿನ್ನವಾದುದು. ಹಳಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ವರ್ಮ, ಜೋಡು, ವಜ್ರಾಂಗಿ ಎಂಬ ಹೆಸರುಗಳೂ ಆದಿಲ್‌ಶಾಹಿ ಆಳಿಕೆಯಿಂದೀಚೆಗೆ ಜಿರಹ, ಬಕ್ತರ ಎಂಬ ಪಾರಸಿ ಹೆಸರುಗಳೂ ಇದಕ್ಕೆ ಬಳಕೆಯಾಗಿವೆ. ಯಂತ್ರಚಾಲಿತ ಕವಚವು ಇದರ ತೀರ ಹೊಸ ಕವಲು. ಮೋಟಾರು, ದ್ರವದ ಒತ್ತಡ ಅಥವಾ ಬ್ಯಾಟರಿಯ ಬಲದಿಂದ ತನ್ನ ಭಾರವನ್ನು ತಾನೇ ಹೊತ್ತು, ತೊಟ್ಟವನ ಶಕ್ತಿಯನ್ನೂ ಹೆಚ್ಚಿಸುವ ಇಂಥ ಪೋಷಾಕು ಯುದ್ಧಭೂಮಿಗಿಂತ ಮುಂಚೆ ಕಾದಂಬರಿಗಳಲ್ಲಿ ಕಾಣಿಸಿಕೊಂಡು, ಬಳಿಕ ವಿಡಿಯೊ ಗೇಮ್‌ಗಳ ನಾಯಕರ ಮೈಮೇಲೆ ನೆಲೆ ನಿಂತಿತು. ರಕ್ಷೆ ಹೆಚ್ಚಿದಷ್ಟೂ ಭಾರ ಹೆಚ್ಚುವುದು, ಭಾರ ಹೆಚ್ಚಿದಷ್ಟೂ ಚಲನೆ ಕುಗ್ಗುವುದು ಕವಚದ ಹುಟ್ಟುಗುಣವಾದ್ದರಿಂದ, ಆ ಭಾರವನ್ನು ಹೊರುವವರು ಯಾರು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳೇ ಇದರ ಇತಿಹಾಸವೆನ್ನಬಹುದು.

ಈ ಇತಿಹಾಸವನ್ನು ನೋಡಲು ಬೆಳಗಾವಿ ಜಿಲ್ಲೆಯ ಉತ್ತರ ಭಾಗ, ಅಂದರೆ ಚಿಕ್ಕೋಡಿ, ರಾಯಬಾಗ, ಅಥಣಿ ತಾಲ್ಲೂಕುಗಳು ಮತ್ತು ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕುಗಳಾದ ನಿಪ್ಪಾಣಿ, ಕಾಗವಾಡಗಳನ್ನೊಳಗೊಂಡ ಪ್ರದೇಶವು ಅನುಕೂಲವಾದ ಸ್ಥಳ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಬಯಲು ಕುದುರೆ ಸೈನ್ಯದ ಓಡಾಟಕ್ಕೆ ಹೇಳಿಮಾಡಿಸಿದಂತಿದ್ದು, ಪೂರ್ವಕ್ಕೆ ಬಿಜಾಪುರ, ಪಶ್ಚಿಮಕ್ಕೆ ಕೊಲ್ಲಾಪುರ ಮತ್ತು ಪನ್ಹಾಳೆಯ ಕೋಟೆ, ನಡುವೆ ಅಥಣಿ, ರಾಯಬಾಗಗಳಂಥ ಸಿರಿವಂತ ಪೇಟೆಗಳು ಇದ್ದುದರಿಂದ, ಭಾರದ ಕವಚ ತೊಟ್ಟ ಸವಾರನೂ ಕವಚವನ್ನು ಕಡೆಗಣಿಸಿದ ಸವಾರನೂ ಎದುರುಬದುರಾದ ನೆಲಗಳಲ್ಲಿ ಇದೂ ಒಂದಾಗಿದೆ.

ಕನ್ನಡ ಓದುಗರ ಕಲ್ಪನೆಯಲ್ಲಿ ಕವಚದ ಮೊದಲ ಮಾದರಿ ಕರ್ಣನದು. ಅವನದು ಹುಟ್ಟಿನೊಂದಿಗೆ ಬಂದ ಸಹಜಕವಚ. ತೊಡುವ ಕೆಲಸವಿಲ್ಲ, ಬಿಚ್ಚುವ ದಾರಿಯಿಲ್ಲ, ಭಾರವೆಂಬುದೂ ಇಲ್ಲ. ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ವಿಕ್ರಮಾರ್ಜುನ ವಿಜಯದಲ್ಲಿಯೂ ಕರ್ಣನು ಬ್ರಾಹ್ಮಣ ವೇಷದಲ್ಲಿ ಬಂದ ಇಂದ್ರನಿಗೆ ಅದನ್ನು ಮೈಯಿಂದ ಕೊಯ್ದು ಕೊಡುತ್ತಾನೆ. ಅದಕ್ಕಿಂತ ಕಡಿಮೆ ಪ್ರಸಿದ್ಧವಾದರೂ ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಮಹಾಭಾರತದ ದ್ರೋಣಪರ್ವದ ಪ್ರಸಂಗ: ಜಯದ್ರಥನನ್ನು ಕಾಯಬೇಕಾದ ದಿನ ದ್ರೋಣನು ದುರ್ಯೋಧನನಿಗೆ ಮಂತ್ರಪೂರ್ವಕವಾಗಿ ಹೊನ್ನಿನ ಕವಚವೊಂದನ್ನು ಕಟ್ಟುತ್ತಾನೆ, ಅರ್ಜುನನ ಬಾಣಗಳು ಅದಕ್ಕೆ ತಗುಲಿ ವ್ಯರ್ಥವಾಗುತ್ತವೆ, ಆಗ ಅರ್ಜುನನು ಕವಚ ಮುಚ್ಚದ ಅಂಗೈ ಮತ್ತು ಉಗುರುಗಳಿಗೆ ಗುರಿಯಿಟ್ಟು ದುರ್ಯೋಧನನನ್ನು ಹಿಮ್ಮೆಟ್ಟಿಸುತ್ತಾನೆ. ಕವಚದೊಳಗೆ ಲೋಹದ್ದಲ್ಲದ ಬೇರೊಂದು ಶಕ್ತಿ ಹರಿಯುತ್ತಿದೆ ಎಂಬ ಭಾವನೆ, ಆ ಶಕ್ತಿ ತಲುಪದ ಸಂದಿಯನ್ನು ಹುಡುಕುವ ಎದುರಾಳಿ, ಇವೆರಡೂ ಇಂದಿನ ಗೇಮ್‌ಗಳ ತಿರುಳೂ ಹೌದು. ರಾಯಬಾಗಕ್ಕೆ ದೂರವಲ್ಲದ ಮುಧೋಳದವನಾದ ರನ್ನನು ಗದಾಯುದ್ಧದಲ್ಲಿ ಅದೇ ದುರ್ಯೋಧನನನ್ನು ಕೇಂದ್ರವಾಗಿಟ್ಟುಕೊಂಡಾಗ, ಕಥೆ ಮುಗಿಯುವುದೂ ರಕ್ಷೆಯಿಲ್ಲದ ತೊಡೆಯಲ್ಲಿಯೇ.

ಕಾವ್ಯದ ಹೊನ್ನಿನ ಕವಚಕ್ಕೂ ಕಲ್ಲಿನಲ್ಲಿ ಕಾಣುವ ವಾಸ್ತವಕ್ಕೂ ಬಹಳ ಅಂತರವಿದೆ. ಕರ್ನಾಟಕದ ವೀರಗಲ್ಲುಗಳಲ್ಲಿ, ಅಂದರೆ ಊರಿಗಾಗಿ ಅಥವಾ ದನಕರುಗಳಿಗಾಗಿ ಕಾದಿ ಮಡಿದವರ ನೆನಪಿಗೆ ನಿಲ್ಲಿಸಿದ ಶಿಲೆಗಳಲ್ಲಿ, ವೀರನು ಬಹುಮಟ್ಟಿಗೆ ಬರಿಮೈಯವನು. ಸೊಂಟಕ್ಕೆ ಬಿಗಿದ ಕಾಸೆ, ನಡುವಿಗೆ ಸಿಕ್ಕಿಸಿದ ಕಠಾರಿ, ಕೈಯಲ್ಲಿ ಬಿಲ್ಲು ಅಥವಾ ಕತ್ತಿ ಗುರಾಣಿ, ಇಷ್ಟೇ ಅವನ ಸಜ್ಜು. ಕವಚವು ದುಬಾರಿಯಾಗಿತ್ತು ಎಂಬುದು ಇದಕ್ಕೆ ಒಂದು ಕಾರಣವಾದರೆ, ಕಾಲಾಳಾಗಿ ಬಿಸಿಲಿನಲ್ಲಿ ಓಡಬೇಕಾದವನಿಗೆ ಅದು ರಕ್ಷೆಗಿಂತ ಹೊರೆಯೇ ಆಗುತ್ತಿತ್ತು ಎಂಬುದು ಇನ್ನೊಂದು.

ಆದ್ದರಿಂದಲೇ ದಕ್ಷಿಣದಲ್ಲಿ ಮೊದಲು ಹರಡಿದ್ದು ಲೋಹದ ಕವಚವಲ್ಲ, ಹೊಲಿದ ಕವಚ. 1520ರ ಹೊತ್ತಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಮಹಾನವಮಿಯ ಕೊನೆಗೆ ನಡೆದ ಸೈನ್ಯದ ವೀಕ್ಷಣೆಯನ್ನು ಬಣ್ಣಿಸುತ್ತ, ರಾವುತರು ಜರತಾರಿ, ಮಖಮಲ್ಲು, ರೇಷ್ಮೆಗಳ ಹೊದಿಕೆಯುಳ್ಳ ದಪ್ಪ ನಿಲುವಂಗಿಗಳನ್ನು ತೊಟ್ಟಿದ್ದರೆಂದೂ ಅವುಗಳೊಳಗೆ ಗಟ್ಟಿ ಹಸಿತೊಗಲಿನ ಪದರಗಳೂ ಕಬ್ಬಿಣದ ತಗಡುಗಳೂ ಇದ್ದುವೆಂದೂ ಶಿರಸ್ತ್ರಾಣದ ಅಂಚು ಕುತ್ತಿಗೆಯನ್ನು ಮುಚ್ಚುವಂತೆ ಇಳಿದಿತ್ತೆಂದೂ ಹೇಳುತ್ತಾನೆ. ಹತ್ತಿಯನ್ನು ಪದರಪದರವಾಗಿ ಇಟ್ಟು ಒತ್ತಾಗಿ ಹೊಲಿದಾಗ ಬಾಣದ ಮೊನೆ ಒಂದೊಂದು ಪದರದಲ್ಲಿಯೂ ವೇಗ ಕಳೆದುಕೊಳ್ಳುತ್ತದೆ. ಕತ್ತಿಯ ಅಲಗು ಜಾರದೆ ಸಿಕ್ಕಿಕೊಳ್ಳುತ್ತದೆ. ತೊಗಲಿನ ಪದರ ಸೇರಿದರೆ ಆ ಗುಣ ಇನ್ನೂ ಹೆಚ್ಚುತ್ತದೆ. ಎಮ್ಮೆಯ ತೊಗಲು ಗುರಾಣಿಗೂ ಒದಗಿತ್ತು. ಜಾಲಿಯ ತೊಗಟೆ, ಅಳಲೆಕಾಯಿಗಳಲ್ಲಿ ಹದಮಾಡಿದ ತೊಗಲು ಎಷ್ಟು ಬಾಳಿಕೆ ಬರುತ್ತದೆಂಬುದನ್ನು ಅಥಣಿ, ನಿಪ್ಪಾಣಿ, ರಾಯಬಾಗ, ಚಿಕ್ಕೋಡಿಗಳ ಕುಶಲಕರ್ಮಿಗಳು ಇಂದಿಗೂ ಮಾಡುವ ಕೊಲ್ಲಾಪುರಿ ಚಪ್ಪಲಿಗಳಲ್ಲಿ ನೋಡಬಹುದು. ಕರ್ನಾಟಕ ಮತ್ತು ಮಹಾರಾಷ್ಟ್ರದ ಎಂಟು ಜಿಲ್ಲೆಗಳಿಗೆ ಜಂಟಿಯಾಗಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿರುವ ಕಸುಬು ಅದು.

1490ರಲ್ಲಿ ಯೂಸುಫ್ ಆದಿಲ್ ಖಾನನು ಬಿಜಾಪುರದಲ್ಲಿ ಸ್ವತಂತ್ರ ಆಳಿಕೆಯನ್ನು ಆರಂಭಿಸಿದ ಮೇಲೆ ಇರಾನ್ ಮತ್ತು ಮಧ್ಯ ಏಷ್ಯದ ಯುದ್ಧಸಾಮಗ್ರಿಗಳ ಮಾದರಿಗಳು ಕೃಷ್ಣೆಯ ದಂಡೆಗೆ ನೇರವಾಗಿ ಬಂದುವು. ಅವುಗಳಲ್ಲಿ ಮುಖ್ಯವಾದುದು ಜಿರಹ, ಎಂದರೆ ಕಬ್ಬಿಣದ ಬಳೆಗಳನ್ನು ಹೆಣೆದು ಮಾಡಿದ ಸರಪಣಿಯಂಗಿ. ಇದನ್ನು ಮಾಡುವ ಕ್ರಮ ದೀರ್ಘವಾದುದು: ಕಬ್ಬಿಣದ ತಂತಿಯನ್ನು ಸರಳಿಗೆ ಸುತ್ತಿ, ಸುರುಳಿಯನ್ನು ಉದ್ದಕ್ಕೆ ಕತ್ತರಿಸಿ ಬಿಡಿ ಬಳೆಗಳನ್ನು ಪಡೆದು, ಪ್ರತಿಯೊಂದರ ತುದಿಗಳನ್ನು ಚಪ್ಪಟೆಯಾಗಿ ಬಡಿದು, ಸುತ್ತಲಿನ ನಾಲ್ಕು ಬಳೆಗಳ ಮೂಲಕ ತೂರಿಸಿ, ತುದಿಗಳನ್ನು ಸೇರಿಸಿ ಸಣ್ಣ ಮೊಳೆಯಿಂದ ಬಿಗಿಯಬೇಕಾಗಿತ್ತು. ಒಂದು ಅಂಗಿಗೆ ಇಂಥ ಬಳೆಗಳು ಸಾವಿರಗಟ್ಟಲೆ ಬೇಕು. ಕತ್ತಿಯ ಕೊಯ್ತಕ್ಕೆ ಈ ಹೆಣಿಗೆ ಬಗ್ಗದಿದ್ದರೂ ಚೂಪಾದ ಬಾಣ, ಈಟಿಗಳ ಮೊನೆ ಬಳೆಯನ್ನು ಸೀಳಿ ಒಳಹೊಗಬಲ್ಲುದಾದ್ದರಿಂದ, ಎದೆ, ಬೆನ್ನು, ಪಕ್ಕೆಗಳ ಭಾಗದಲ್ಲಿ ಉಕ್ಕಿನ ತಗಡುಗಳನ್ನು ಬಳೆಗಳ ನಡುವೆ ಕೂಡಿಸಿದ ಅಂಗಿಗಳು ಬಂದುವು; ಬಕ್ತರವೆಂಬ ಹೆಸರು ಸಾಮಾನ್ಯವಾಗಿ ಇಂಥದಕ್ಕೆ ಸಲ್ಲುತ್ತದೆ. ಎದೆ, ಬೆನ್ನು, ಎರಡು ಪಕ್ಕೆಗಳಿಗೆ ಒಂದೊಂದರಂತೆ ನಾಲ್ಕು ಹಲಗೆಗಳನ್ನು ಪಟ್ಟಿಗಳಿಂದ ಬಿಗಿಯುವ ಚಾರ್‌ಆಯಿನಾ, ಮೊಣಕೈಯಿಂದ ಮುಂಗೈಯವರೆಗೆ ಕಾಯುವ ದಸ್ತಾನಾ, ಮೂಗಿನ ಮುಂದೆ ಇಳಿಯುವ ಸರಳುಳ್ಳ ಶಿರಸ್ತ್ರಾಣ ಇವೆಲ್ಲ ಸೇರಿದರೆ ಸವಾರನ ಪೂರ್ಣ ಸಜ್ಜು. ಲೋಹಕ್ಕೆ ಸಾಲದವರಿಗೂ ಆನೆಯ ಮೇಲೆ ಕುಳಿತು ಮೆರೆಯುವವರಿಗೂ ಒದಗುತ್ತಿದ್ದ ಇನ್ನೊಂದು ಬಗೆ ಚಿಲ್ತಾ. ಇದು ದಪ್ಪ ಬಟ್ಟೆಯ ಮೇಲೆ ನೂರಾರು ಹಿತ್ತಾಳೆ ಅಥವಾ ಹೊನ್ನಿನ ಮುಲಾಮಿನ ಮೊಳೆಗಳನ್ನು ಒತ್ತಾಗಿ ಬಡಿದ ಅಂಗಿ.

ಬಳೆಯಂಗಿಯೊಂದೇ ಹತ್ತು ಹನ್ನೆರಡು ಕಿಲೋಗ್ರಾಂ ತೂಗುತ್ತಿತ್ತು. ಅದರ ಭಾರವೆಲ್ಲ ಹೆಗಲಿಗೆ ಬೀಳುವುದರಿಂದ ನಡುಪಟ್ಟಿ ಬಿಗಿದು ಸ್ವಲ್ಪವನ್ನು ಸೊಂಟಕ್ಕೆ ಹಂಚಬೇಕಾಗಿತ್ತು. ಏಟಿನ ಆಘಾತ ಮೂಳೆಗೆ ತಾಗದಿರಲು ಒಳಗೆ ಹತ್ತಿಯ ಅಂಗಿ ಬೇಕೇಬೇಕಾಗಿತ್ತು. ಬೇಸಿಗೆಯ ಬಿಸಿಲಿನಲ್ಲಿ ಈ ಎರಡು ಪದರಗಳೊಳಗಿನ ಸೆಕೆಯನ್ನು ಊಹಿಸಿಕೊಳ್ಳುವುದೇ ಮೇಲು. ಅಂತಿಮವಾಗಿ ಈ ಹೊರೆಯನ್ನು ಹೊತ್ತದ್ದು ಕುದುರೆ. ಭಾರದ ಕವಚದ ಸವಾರನಿಗೆ ದೊಡ್ಡ ಜಾತಿಯ ಕುದುರೆ ಬೇಕು, ಅಂಥ ಕುದುರೆ ಅರಬ್ ನಾಡುಗಳಿಂದ ಕಡಲ ಮೇಲೆ ಬರಬೇಕು, ಆದ್ದರಿಂದ ಬಿಜಾಪುರದಿಂದ ಕರಾವಳಿಗೆ ಹೋಗುವ ದಾರಿ ತೆರೆದಿರಬೇಕು. ಕವಚದ ಬೆಲೆಯಲ್ಲಿ ಇವೆಲ್ಲವೂ ಸೇರಿದ್ದುವು. ಬಿಜಾಪುರದ ಪತನಾನಂತರ ಅದರ ಸರದಾರನ ವಶದಲ್ಲಿದ್ದ ಆದೋನಿಯ ಕೋಟೆಯನ್ನು ಮೊಗಲರು ಹಿಡಿದಾಗ, ಅಲ್ಲಿನ ಆಯುಧಶಾಲೆಯ ಕವಚಗಳನ್ನು ಬಿಕಾನೇರದ ಅನೂಪಸಿಂಹನು ತನ್ನ ಊರಿಗೆ ಸಾಗಿಸಿದನು. ಆದೋನಿಯ ಹೆಸರನ್ನು ಚುಕ್ಕಿಚುಕ್ಕಿಯಾಗಿ ಕೊರೆದಿರುವ ಆ ಅಂಗಿಗಳಿಂದ ದಖನ್ನಿನ ಕವಚಗಾರರ ಕೈಚಳಕ ಇಂದು ತಿಳಿದುಬರುತ್ತಿದೆ. ನಾಡಿನ ಕವಚಗಳು ಉಳಿದುಕೊಂಡದ್ದು ಲೂಟಿಯ ದೆಸೆಯಿಂದ ಎಂಬುದು ವಿಚಿತ್ರವಾದರೂ ನಿಜ.

ಕವಚದ ಪತನಕ್ಕೆ ಮದ್ದುಗುಂಡೇ ಕಾರಣವೆಂದು ಹೇಳುವುದು ವಾಡಿಕೆ. ಅಹಮದನಗರದಲ್ಲಿ 1549ರಲ್ಲಿ ಎರಕ ಹೊಯ್ದು, ಬಳಿಕ ಬಿಜಾಪುರದ ಬುರುಜನ್ನೇರಿದ ಸುಮಾರು 55 ಟನ್ ತೂಕದ ಮಲಿಕ್-ಎ-ಮೈದಾನ್ ತೋಪಿನ ಮುಂದೆ ಯಾವ ಬಕ್ತರವೂ ಲೆಕ್ಕಕ್ಕಿಲ್ಲ. ಆದರೂ ತೋಪು, ಕೋವಿಗಳು ಬಂದ ಮೇಲೆಯೂ ನೂರಾರು ವರ್ಷ ಸರದಾರರು ಕವಚ ತೊಟ್ಟೇ ಇದ್ದರು. 1659ರ ನವೆಂಬರಿನಲ್ಲಿ ಪ್ರತಾಪಗಡದ ಬುಡದಲ್ಲಿ ಬಿಜಾಪುರದ ಸೇನಾನಿ ಅಫ್ಜಲ್ ಖಾನನನ್ನು ಭೇಟಿಯಾಗಲು ಹೋದ ಶಿವಾಜಿಯು ಅಂಗಿಯ ಕೆಳಗೆ ಜಿರಹವನ್ನೂ ಮುಂಡಾಸಿನ ಕೆಳಗೆ ಉಕ್ಕಿನ ಟೊಪ್ಪಿಗೆಯನ್ನೂ ಧರಿಸಿದ್ದನೆಂಬುದು ಪ್ರಸಿದ್ಧವಾದ ವೃತ್ತಾಂತ. ಈ ಸೀಮೆಯ ಮಟ್ಟಿಗೆ ಕವಚದ ಸವಾರನಿಗೆ ಗುಂಡಿಗಿಂತ ಹೆಚ್ಚಿನ ಪೆಟ್ಟು ಕೊಟ್ಟದ್ದು ವೇಗವೆಂದು ಕಾಣುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಕೊಲ್ಲಾಪುರದ ಬಳಿ ಬಿಜಾಪುರದ ಸೈನ್ಯವನ್ನು ಸೋಲಿಸಿ ಇತ್ತ ನುಗ್ಗಿದ ಮರಾಠಾ ಸವಾರರು ಚಿಕ್ಕ ಜಾತಿಯ ಕುದುರೆಗಳ ಮೇಲೆ, ಹೆಚ್ಚಿನ ಹೊರೆಯಿಲ್ಲದೆ, ಭಾರದ ಸೈನ್ಯ ತಲುಪುವಷ್ಟರಲ್ಲಿ ಜಾಗ ಬಿಟ್ಟು ಹೋಗುವ ಕ್ರಮದಲ್ಲಿ ಕಾದುತ್ತಿದ್ದರು. ಹೊಡೆತ ತಡೆಯುವುದಕ್ಕಿಂತ ತಪ್ಪಿಸಿಕೊಳ್ಳುವುದು ಮೇಲೆಂಬ ಈ ಲೆಕ್ಕಾಚಾರಕ್ಕೆ ಕವಚದ ಬಳಿ ಉತ್ತರವಿರಲಿಲ್ಲ. 1679ರಲ್ಲಿ ಮೊಗಲ್ ಸೇನಾನಿ ದಿಲೇರ್ ಖಾನನ ದಂಡು ಅಥಣಿಯ ಪೇಟೆಯನ್ನು ಸೂರೆ ಮಾಡಿತು; 1686ರಲ್ಲಿ ಬಿಜಾಪುರವೇ ಬಿದ್ದಿತು. ಮುಂದಿನ ಶತಮಾನದ ಕೊನೆಗೆ ನಿಪ್ಪಾಣಿಯ ದೇಸಾಯಿ ಸಿದ್ಧೋಜಿರಾವ್ ನಿಂಬಾಳ್ಕರನು ಪೇಶ್ವೆಯರ ಸರಲಷ್ಕರನಾಗಿ, ಎಂದರೆ ಸೇನಾಪತಿಯಾಗಿ, ಮೆರೆಯುವ ಹೊತ್ತಿಗೆ ಕವಚವು ಕಾಳಗದಿಂದ ಮೆರವಣಿಗೆಗೆ ಸರಿಯತೊಡಗಿತ್ತು.

ಮೆರವಣಿಗೆಯಿಂದ ರಂಗಕ್ಕೆ ದೂರವೇನಿಲ್ಲ. ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ, ಎಂದರೆ ಊರ ಬಯಲಿನಲ್ಲಿ ಅಟ್ಟ ಕಟ್ಟಿ ಇರುಳಿಡೀ ಆಡುವ ಜನಪದ ನಾಟಕದಲ್ಲಿ, ಕುರುಕ್ಷೇತ್ರದ ವೀರರು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬೇಗಡೆಯ ಹಾಳೆ, ಕನ್ನಡಿ ಚೂರುಗಳನ್ನು ಅಂಟಿಸಿದ ಕಿರೀಟ, ಭುಜಕೀರ್ತಿ, ಎದೆಗವಚಗಳನ್ನು ಧರಿಸುತ್ತಾರೆ. ಇದು ಯಾವ ಏಟನ್ನೂ ತಡೆಯಲಾರದು. ಹೆಗಲನ್ನು ಅಗಲಮಾಡಿ, ತಲೆಯನ್ನು ಎತ್ತರಿಸಿ, ಕೊನೆಯ ಸಾಲಿನ ಪ್ರೇಕ್ಷಕನಿಗೂ ಇವನೇ ವೀರನೆಂದು ತಿಳಿಸುವುದಷ್ಟೇ ಅದರ ಕೆಲಸ. ಗೇಮ್‌ಗಳ ಕವಚವನ್ನು ಯುದ್ಧದ ಕವಚದ ವಂಶಕ್ಕೆ ಸೇರಿಸುವವರು ಈ ಕಟ್ಟಿಗೆಯ ಕವಚವನ್ನು ಮರೆಯುವುದುಂಟು. ಪರದೆಯ ಮೇಲಿನ ನಾಯಕನ ಅಗಲ ಹೆಗಲಿಗೆ ಬಿಜಾಪುರದ ಬಕ್ತರಕ್ಕಿಂತ ಭುಜಕೀರ್ತಿಯೇ ಹತ್ತಿರದ ಬಂಧು.

ಯಂತ್ರವು ಕವಚದ ಭಾರವನ್ನು ಹೊರಬಹುದೆಂಬ ವಿಚಾರಕ್ಕೆ ಮೊದಲ ಸುಳಿವು 1890ರಲ್ಲಿ ರಷ್ಯದ ನಿಕೊಲಾಸ್ ಯಾಗ್ನ್ ಎಂಬವನು ಪಡೆದ ಹಕ್ಕುಪತ್ರದಲ್ಲಿದೆ. ಕಾಲಿಗೆ ಕಟ್ಟಿಕೊಂಡು ನಡೆಯಲು, ಓಡಲು ನೆರವಾಗುವ ಸಾಧನ ಅವನದು. ಆ ವಿಚಾರಕ್ಕೆ ಪೂರ್ಣರೂಪ ದೊರೆತದ್ದು ಅಮೆರಿಕದ ಲೇಖಕ ರಾಬರ್ಟ್ ಹೈನ್‌ಲೈನ್ 1959ರಲ್ಲಿ ಪ್ರಕಟಿಸಿದ ಸ್ಟಾರ್‌ಶಿಪ್ ಟ್ರೂಪರ್ಸ್ ಕಾದಂಬರಿಯಲ್ಲಿ. ಅಲ್ಲಿನ ಪೋಷಾಕು ತೊಟ್ಟವನ ಕೈಕಾಲುಗಳ ಒತ್ತಡವನ್ನು ಅರಿತು ತಾನೂ ಅದೇ ಚಲನೆಯನ್ನು ಹೆಚ್ಚಿನ ಬಲದಿಂದ ಮಾಡುತ್ತದೆ. 1963ರಲ್ಲಿ ಐರನ್ ಮ್ಯಾನ್ ಚಿತ್ರಕಥೆಗಳು ಹೊರಟುವು. ಕಲ್ಪನೆಯನ್ನು ಕಾರ್ಯರೂಪಕ್ಕೆ ತರಲು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಸೇನೆಯ ನೆರವಿನಿಂದ 1965ರಲ್ಲಿ ಹಾರ್ಡಿಮನ್ ಎಂಬ ಯೋಜನೆಯನ್ನು ಕೈಗೊಂಡಿತು. 680 ಕಿಲೋಗ್ರಾಂ ಎತ್ತಬೇಕಾಗಿದ್ದ ಆ ಯಂತ್ರದ ತೂಕವೂ ಸುಮಾರು ಅಷ್ಟೇ ಆಗಿತ್ತು. ಇಡೀ ಯಂತ್ರವನ್ನು ಒಮ್ಮೆಗೆ ಚಾಲನೆ ಮಾಡಿದಾಗ ಅದು ಅಂಕೆ ತಪ್ಪಿ ಕುಣಿಯುತ್ತಿದ್ದುದರಿಂದ ಒಳಗೆ ಮನುಷ್ಯನನ್ನು ನಿಲ್ಲಿಸಿ ನಡೆಸುವ ಧೈರ್ಯವನ್ನು ಯಾರೂ ಮಾಡಲಿಲ್ಲ. ಒಂದು ತೋಳು ಮಾತ್ರ ಕೆಲಸ ಮಾಡುವ ಹಂತ ತಲುಪಿ, 1970ರ ದಶಕದ ಆರಂಭದಲ್ಲಿ ಯೋಜನೆ ನಿಂತಿತು.

ಪ್ರಯೋಗಶಾಲೆಯಲ್ಲಿ ಸೋತ ಕವಚ ಗೇಮ್‌ಗಳಲ್ಲಿ ಗೆದ್ದಿತು. ಜಪಾನಿನ ನಿಂಟೆಂಡೊ ಸಂಸ್ಥೆ 1986ರ ಆಗಸ್ಟಿನಲ್ಲಿ ಹೊರತಂದ ಮೆಟ್ರಾಯ್ಡ್ ಇವುಗಳಲ್ಲಿ ಮುಖ್ಯವಾದುದು. ಅದರ ನಾಯಕ ಪಾತ್ರ ಸಾಮಸ್ ಅರಾನ್ ಕಿತ್ತಳೆ ಬಣ್ಣದ ಪೂರ್ಣಕವಚವನ್ನು ತೊಟ್ಟು, ಬಲಗೈಯ ಜಾಗದಲ್ಲಿ ತೋಪಿನ ನಳಿಕೆಯನ್ನು ಧರಿಸಿ, ಅನ್ಯಗ್ರಹದ ಸುರಂಗಗಳಲ್ಲಿ ಒಬ್ಬಂಟಿಯಾಗಿ ಅಲೆಯುತ್ತದೆ. ಇಲ್ಲಿ ಕವಚದ ಬಲ ಒಂದು ಅಂಕಿ: ಆಟ ತೊಡಗುವಾಗ 30, ತುಂಬಿದರೆ 99, ಹುಡುಕಿ ಪಡೆದ ಒಂದೊಂದು ಶಕ್ತಿಯ ತೊಟ್ಟಿಗೂ ಇನ್ನೂ ನೂರರಷ್ಟು ಹೆಚ್ಚು. ಏಟು ಬಿದ್ದಾಗ ಇಳಿಯುವುದು ಈ ಅಂಕಿಯೇ. ದೇಹಕ್ಕೂ ಕವಚಕ್ಕೂ ನಡುವಣ ಭೇದ ಅಳಿಸಿಹೋಗಿರುವುದರಿಂದ ಕರ್ಣನ ಸಹಜಕವಚದ ಕಲ್ಪನೆಯೇ ಇಲ್ಲಿ ಬೇರೆ ದಾರಿಯಿಂದ ಮರಳಿ ಬಂದಿದೆ. ನಡುದಾರಿಯಲ್ಲಿ ದೊರೆಯುವ ವೇರಿಯಾ ಪೋಷಾಕು ಏಟಿನ ಪೆಟ್ಟನ್ನು ಅರ್ಧಕ್ಕೆ ಇಳಿಸುತ್ತದೆ.

ಈ ಕವಚದ ರೂಪವನ್ನು ತಿದ್ದಿದ್ದು ಬಹುಮಟ್ಟಿಗೆ ಯಂತ್ರದ ಮಿತಿಗಳು. ಸಾಮಸ್ ಉಂಡೆಯಾಗಿ ಸುರುಟಿಕೊಂಡು ಇಕ್ಕಟ್ಟಿನ ಸಂದಿಗಳಲ್ಲಿ ಉರುಳುವುದು ಆಟದ ದೊಡ್ಡ ಆಕರ್ಷಣೆಯಾದರೂ ಅದರ ಮೂಲ ಕಾರಣ ಅಂಬೆಗಾಲಿಡುವ ಚಲನೆಗಿಂತ ಉರುಳುವ ಚೆಂಡನ್ನು ಚಿತ್ರಿಸುವುದು ಸುಲಭವಾಗಿದ್ದುದು. 1991ರ ಎರಡನೆಯ ಭಾಗವು ಬಣ್ಣವಿಲ್ಲದ ಗೇಮ್ ಬಾಯ್ ಪರದೆಗಾಗಿ ಸಿದ್ಧವಾದಾಗ ಮಾಮೂಲಿ ಕವಚಕ್ಕೂ ವೇರಿಯಾಕ್ಕೂ ವ್ಯತ್ಯಾಸ ಕಾಣಿಸದೆ ಹೋಗುವುದೆಂದು ವೇರಿಯಾಕ್ಕೆ ದೊಡ್ಡ ಗುಂಡು ಹೆಗಲುಗಳನ್ನು ಕೊಡಲಾಯಿತು. ಇಂದು ಸಾಮಸ್‌ಳ ಗುರುತೇ ಆ ಹೆಗಲು. 1994ರ ಸೂಪರ್ ಮೆಟ್ರಾಯ್ಡ್‌ನಲ್ಲಿ ಬಂದ ಗ್ರಾವಿಟಿ ಪೋಷಾಕು ನೀರಿನೊಳಗೂ ನೆಲದ ಮೇಲಿನಂತೆಯೇ ಓಡಲು ಬಿಡುತ್ತದೆ. ಮೊದಲ ಆಟವನ್ನು ಬೇಗ ಮುಗಿಸಿದವರಿಗೆ ಕೊನೆಯಲ್ಲಿ ಕವಚ ಕಳಚಿ, ಒಳಗಿರುವವಳು ಹೆಣ್ಣೆಂಬುದು ತಿಳಿಯುತ್ತಿತ್ತು. ಅಲ್ಲಿಯವರೆಗೆ ಅದನ್ನು ಮುಚ್ಚಿಟ್ಟದ್ದೂ ಕವಚವೇ.

ಮುಂದಿನ ಗೇಮ್‌ಗಳು ಇದಕ್ಕೆ ಒಂದೊಂದು ಗುಣವನ್ನು ಕೂಡಿಸಿದುವು. 1998ರ ಹಾಫ್-ಲೈಫ್‌ನ ವಿಜ್ಞಾನಿ ನಾಯಕ ಗಾರ್ಡನ್ ಫ್ರೀಮನ್‌ನ ಪೋಷಾಕು ಗಾಯದ ವಿವರವನ್ನು ಅವನಿಗೆ ಬಾಯಿಬಿಟ್ಟು ಹೇಳುತ್ತದೆ, ಗೋಡೆಯ ಸಾಧನಗಳಿಂದ ವಿದ್ಯುತ್ ತುಂಬಿಸಿಕೊಳ್ಳುತ್ತದೆ. 2007ರ ಕ್ರೈಸಿಸ್‌ನಲ್ಲಿ ಬಲ, ವೇಗ, ರಕ್ಷೆ, ಮರೆಯಾಗುವಿಕೆ ಈ ನಾಲ್ಕರಲ್ಲಿ ಒಂದು ಹೊತ್ತಿಗೆ ಒಂದನ್ನೇ ಆರಿಸಿಕೊಳ್ಳಬೇಕು. 2001ರ ಹೇಲೊ ಇನ್ನೂ ಮಹತ್ವದ್ದು; ಅದರ ನಾಯಕ ಮಾಸ್ಟರ್ ಚೀಫ್‌ನ ಮ್ಯೋಲ್ನಿರ್ ಕವಚದ ಸುತ್ತಣ ಶಕ್ತಿಯ ಪೊರೆ, ಕೆಲವು ಕ್ಷಣ ಏಟು ಬೀಳದೆ ಮರೆಯಲ್ಲಿ ನಿಂತರೆ ತಾನಾಗಿ ತುಂಬಿಕೊಳ್ಳುತ್ತದೆ. ಮುನ್ನುಗ್ಗು, ಹಿಂದೆ ಸರಿ, ಉಸಿರು ತೆಗೆದುಕೊ ಎಂಬ ಈ ಲಯವನ್ನು ಅನಂತರದ ಅಸಂಖ್ಯ ಗೇಮ್‌ಗಳು ಅನುಸರಿಸಿದುವು. ಅದೇ ವರ್ಷ ಎರಿಕ್ ನೈಲಂಡ್ ಬರೆದ ಹೇಲೊ ಕಾದಂಬರಿಯ ಪ್ರಕಾರ ಅರ್ಧ ಟನ್ ತೂಗುವ ಈ ಕವಚವನ್ನು ಸಾಮಾನ್ಯ ಮನುಷ್ಯ ತೊಟ್ಟರೆ ಹಿಗ್ಗಿದ ಬಲಕ್ಕೆ ಅವನ ಮೂಳೆಗಳೇ ಮುರಿಯುತ್ತವೆ. ಹಾರ್ಡಿಮನ್ ಮುಗ್ಗರಿಸಿದ ಜಾಗವನ್ನು ಕಾದಂಬರಿಕಾರ ಕಥೆಯಾಗಿ ಬಳಸಿಕೊಂಡಂತಿದೆ.

ಕರ್ನಾಟಕದ ಸಣ್ಣ ಪಟ್ಟಣಗಳಿಗೆ 1990ರ ದಶಕದಲ್ಲಿ ತಲುಪಿದ್ದು ಇವಲ್ಲ; ಟಿ.ವಿ.ಗೆ ಜೋಡಿಸುವ ಅಗ್ಗದ ಪೆಟ್ಟಿಗೆಗಳಲ್ಲಿ ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟಗಳನ್ನು ತುಂಬಿದ ಮಾರಿಯೊ, ಕಾಂಟ್ರಾಗಳ ಕಾಲ ಅದು. ಕಾಂಟ್ರಾದ ವೀರರು ವೀರಗಲ್ಲಿನವರಂತೆ ಬರಿಮೈಯವರು, ಒಂದೇ ಗುಂಡಿಗೆ ಬೀಳುವವರು. ಕವಚದ ಲೆಕ್ಕಾಚಾರ ಇಲ್ಲಿನ ಹುಡುಗರಿಗೆ ಮನೆಮಾತಾದದ್ದು 2018ರಲ್ಲಿ ಬಂದ ಪಬ್‌ಜಿ ಮೊಬೈಲ್‌ನಿಂದ. ಬಿದ್ದಲ್ಲಿಂದ ಎತ್ತಿಕೊಂಡು ತೊಡುವ ಅದರ ವೆಸ್ಟ್ ಮತ್ತು ಹೆಲ್ಮೆಟ್‌ಗಳಿಗೆ ಮೂರು ದರ್ಜೆಗಳಿದ್ದು, ಏಟು ತಿಂದಂತೆ ಅವು ಸವೆಯುತ್ತವೆ. 2020ರ ಸೆಪ್ಟೆಂಬರಿನಲ್ಲಿ ಭಾರತ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಬೇರೆ ಹೆಸರಿನಲ್ಲಿ ಅದರ ಭಾರತೀಯ ರೂಪ ಬಂದಿತು. ಆ ವೆಸ್ಟ್‌ಗೆ ಯಂತ್ರಬಲವಿಲ್ಲ.

ನಿಜಜೀವನದ ಸೈನಿಕ ತೊಡುವುದೂ ಅಂಥದನ್ನೇ. ಗುಂಡು ನಿರೋಧಕ ಜಾಕೆಟ್ಟುಗಳಿಗೆ ಭಾರತೀಯ ಮಾನಕ ಸಂಸ್ಥೆ 2018ರಲ್ಲಿ ಐ.ಎಸ್. 17051 ಎಂಬ ಮಾನದಂಡವನ್ನು ಗೊತ್ತುಪಡಿಸಿದ್ದು, ಗಟ್ಟಿ ಹಲಗೆಗಳನ್ನುಳ್ಳ ಜಾಕೆಟ್ಟಿನ ತೂಕ ಹೆಚ್ಚುಕಡಿಮೆ ಹತ್ತು ಕಿಲೋಗ್ರಾಂ, ಎಂದರೆ ಬಿಜಾಪುರದ ಸವಾರನ ಬಳೆಯಂಗಿಯಷ್ಟೇ ಆಗುತ್ತದೆ. ವಸ್ತು ಬದಲಾಗಿದೆ, ಹೆಗಲು ಹೊರಬಲ್ಲ ಭಾರ ಬದಲಾಗಿಲ್ಲ. ಯಂತ್ರಬಲದ ರಕ್ಷಾಪೋಷಾಕಿಗೆ ನಿಜವಾಗಿಯೂ ಹತ್ತಿರವಾದುದು ಕರ್ನಾಟಕದಲ್ಲಿ ಸಿದ್ಧವಾಗಿರುವುದು ವಿಮಾನಚಾಲಕನಿಗಾಗಿ: ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ (ಡಿ.ಆರ್.ಡಿ.ಒ.) ಅಂಗವಾದ ಬೆಂಗಳೂರಿನ ಡೆಬೆಲ್ ಪ್ರಯೋಗಾಲಯವು ತೇಜಸ್ ಯುದ್ಧವಿಮಾನದ ಜೀವರಕ್ಷಕ ವ್ಯವಸ್ಥೆಯೊಂದಿಗೆ ರೂಪಿಸಿದ ಜಿ-ನಿರೋಧಕ ಪೋಷಾಕು, ವಿಮಾನ ತೀವ್ರವಾಗಿ ತಿರುಗಿ ದೇಹದ ತೂಕ ಏಳೆಂಟು ಪಟ್ಟು ಹೆಚ್ಚಿದಂತಾಗುವಾಗ, ತೊಡೆ ಮತ್ತು ಹೊಟ್ಟೆಯ ಸುತ್ತಣ ಚೀಲಗಳಿಗೆ ಗಾಳಿ ತುಂಬಿಸಿ ಒತ್ತಿ, ರಕ್ತವು ಕಾಲಿಗಿಳಿದು ಚಾಲಕ ಪ್ರಜ್ಞೆ ತಪ್ಪದಂತೆ ನೋಡಿಕೊಳ್ಳುತ್ತದೆ. ಅದೇ ಪ್ರಯೋಗಾಲಯ ಸೈನಿಕರಿಗಾಗಿ ಎಕ್ಸೋಸ್ಕೆಲೆಟನ್, ಎಂದರೆ ಮೈಯ ಹೊರಗೆ ಕಟ್ಟಿಕೊಳ್ಳುವ ಕೃತಕ ಎಲುಬಿನ ಚೌಕಟ್ಟುಗಳ ಸಂಶೋಧನೆಯಲ್ಲಿಯೂ ತೊಡಗಿದ್ದು, 2024ರ ಏಪ್ರಿಲ್‌ನಲ್ಲಿ ಈ ವಿಷಯದ ಅಂತರರಾಷ್ಟ್ರೀಯ ಕಾರ್ಯಾಗಾರವೊಂದು ಬೆಂಗಳೂರಿನಲ್ಲಿ ನಡೆಯಿತು. ಮೋಟಾರುಳ್ಳ ಚೌಕಟ್ಟಿಗೆ ಬ್ಯಾಟರಿಯೇ ಒಂದು ಹೊಸ ಹೊರೆಯಾಗುವುದರಿಂದ ವಿದ್ಯುತ್ತಿಲ್ಲದ ಚೌಕಟ್ಟುಗಳತ್ತಲೂ ಜಗತ್ತಿನ ಹಲವೆಡೆ ಸಂಶೋಧಕರ ಗಮನ ಹರಿದಿದೆ. ಬೆನ್ನಿನ ಚೀಲದ ಭಾರವನ್ನು ಅವು ಲೋಹದ ಕಾಲುಗಳ ಮೂಲಕ ನೇರವಾಗಿ ನೆಲಕ್ಕೆ ಇಳಿಸುತ್ತವೆ. ಗುಂಡನ್ನು ತಡೆಯುವುದು ಅಂಥ ಚೌಕಟ್ಟಿನ ಕೆಲಸವಲ್ಲವಾದ್ದರಿಂದ ಜಾಕೆಟ್ಟನ್ನು ಸೈನಿಕನು ಪ್ರತ್ಯೇಕವಾಗಿಯೇ ತೊಡಬೇಕಾಗುತ್ತದೆ.